ಟ್ರಾಕ್ಟರಿಗೊಬ್ಬ ಏಜೆಂಟ್

ಓದಿದವರ ಲೆಕ್ಕವನ್ನು ನಂಬಿ, ಅವರು ಕೇಳುವ ಪ್ರಶ್ನೆಯನ್ನು ಮಾತ್ರ ನಂಬಬೇಡಿ. ಎರಡು ಸಾವಿರ ಇಸವಿ ದಾಟಿದ ಮೇಲೆ ನಾನು ಕಲಿತದ್ದು ಇದು.

ರಾಮನಾಥಪುರದ ಹರಾಜಿಗೆ ತಂಬಾಕು ಬೇಲು, ಅಂದರೆ ಒತ್ತಿ ಕಟ್ಟಿದ ಎಲೆಯ ಪಿಂಡಿ, ಸಾಗಿಸಲು ನಾವು ಕೊಣನೂರಿನ ಐದು ಜನ ಟ್ರಾಕ್ಟರ್ ಮಾಲೀಕರು ಒಂದಾಗಿದ್ದೆವು. ಒಂದಾಗಿದ್ದು ಹೆಸರಿಗೆ. ಒಬ್ಬ ರೈತನ ಮನೆ ಮುಂದೆ ಮೂರು ಟ್ರಾಕ್ಟರ್ ನಿಂತರೆ ಇನ್ನೊಬ್ಬ ಬೇಲಿನ ಮೇಲೆ ಕೂತು ದಾರಿ ಕಾಯುತ್ತಿದ್ದ. ಹರಾಜಿಗೆ ಗೊತ್ತುಮಾಡಿದ ದಿನ ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆ. ಬೆಳೆಗಾರರು ಖಡಾಖಂಡಿತ ಹೇಳಿಬಿಟ್ಟರು: ಹರಾಜಿಗೆ ಮುಂಚೆ ಸರದಿ ಪಟ್ಟಿ ತೋರಿಸಿ, ಇಲ್ಲವೇ ಹಾಸನದ ಲಾರಿ ಕರೆಸುತ್ತೇವೆ.

ಹಾಸನದ ಕಾಲೇಜೊಂದರ ಕಂಪ್ಯೂಟರ್ ಮೇಷ್ಟ್ರು ತಾವಾಗಿ ಬಂದರು. ಮಣ್ಣು ಸೋಕದ ಅಂಗಿ, ಕಂಕುಳಲ್ಲಿ ಸರದಿ ಪಟ್ಟಿ ಮಾಡುವ ಪ್ರೋಗ್ರಾಮಿದ್ದ ಲ್ಯಾಪ್‌ಟಾಪು.

"ಹೇಗೆ ಮಾಡಬೇಕು ಅಂತ ಇದಕ್ಕೆ ಹೇಳೋದಿಲ್ಲ. ಏನು ಆಗಕೂಡದು ಅಂತ ಬರೆದರೆ ಸಾಕು, ದಾರಿ ಅದೇ ಹುಡುಕುತ್ತೆ. ಟ್ರಾಕ್ಟರಿಗೊಬ್ಬ ಏಜೆಂಟ್ ಅಂತ ಪ್ರೋಗ್ರಾಮಿನ ಒಳಗಿರ್ತಾನೆ, ನಿಮ್ಮ ಪರವಾಗಿ ಅವರವರೇ ಹೊಂದಿಕೊಳ್ತಾರೆ."

"ಏಜೆಂಟಾ ಸಾ? ಅವನ್ ಕಮಿಷನ್ ಎಷ್ಟು?" ಅಂದ ನಮ್ಮಲ್ಲಿ ಹಿರಿಯ.

ಮೇಷ್ಟ್ರು ಎಲ್ಲರೆದುರೇ ಕೇಳಿದರು, ಏನು ಆಗಲ್ಲ ಅಂತ. ಒಬ್ಬನಿಗೆ ಸೋಮವಾರ ಆಗದು, ಒಬ್ಬನಿಗೆ ಎಂಟಕ್ಕೆ ಮುಂಚೆ ಆಗದು. "ವೊಳೆ ಆಚ್ಗೆ ನಾನ್ ಓಗಾಕಿಲ್ಲ" ಅಂದ ಹಿರಿಯ. ದಿನಕ್ಕೆ ನಾಲ್ಕು ಲೋಡು ಹೊಡೆಯಬಲ್ಲ ನಾನು ಎರಡು ಅಂದೆ. ಸಂತೆಗೆ ಹೋದವನು ಮೊದಲೇ ಕೊನೇ ಮಾತು ಆಡುತ್ತಾನೆಯೇ? ಮೇಷ್ಟ್ರು ಅಷ್ಟನ್ನೂ ವೇದವಾಕ್ಯ ಅಂತ ಬರೆದುಕೊಂಡು ಹೋದರು.

ವಾರ ಬಿಟ್ಟು ಉತ್ತರ ತಂದರು: ಪರಿಹಾರ ಇಲ್ಲ. "ನಿಮ್ಮ ನಿಯಮಗಳೇ ಹೊಡೆದಾಡ್ತಿವೆ."

"ನಾವ್ ವಡೆದಾಡ್ತೀವಿ ಅಂತ ಯೋಳಾಕೆ ಮಿಸಿನ್ ಬೇಕಿತ್ತೇನ್ಲಾ?" ಹಿರಿಯ ನನ್ನ ಕಡೆ ತಿರುಗಿದ.

ಹರಾಜಿಗೆ ನಾಲ್ಕೇ ದಿನ. ಮೇಷ್ಟ್ರನ್ನು ಪಕ್ಕಕ್ಕೆ ಕರೆದೆ. "ಸಾ, ಚನ್ನರಾಯಪಟ್ಟಣದ ದನದ ಸಂತೇಲಿ ಎತ್ತಿನ ಬೆಲೆ ಬಾಯಲ್ಲಿ ಹೇಳ್ತಾರಾ? ಟವೆಲ್ ಕೆಳಗೆ ಬೆರಳು ಹಿಡೀತಾರೆ. ಒಬ್ಬೊಬ್ಬರನ್ನೇ ಕೇಳಿ. ಏನು ಆಗಲ್ಲ ಅನ್ನಬೇಡಿ, ಎಷ್ಟಕ್ಕೆ ಬಿಡ್ತೀರಿ ಅನ್ನಿ."

ಕೇಳಿದರು. ಹಿರಿಯನಂತೂ ಟವೆಲ್ ಹಾಸದೆ ಬಾಯೇ ಬಿಡಲಿಲ್ಲ. ಹಾಸಿದ ಮೇಲೆ ಎರಡು ಬೆರಳು ಒತ್ತಿದ. ವಾರಕ್ಕೆರಡು ದಿನ ಹೊಳೆ ದಾಟುತ್ತಾನಂತೆ! ನಾನು ದಿನಕ್ಕೆ ಮೂರು ಲೋಡು ಅಂತ ಮೂರು ಬೆರಳು ಕೊಟ್ಟೆ. ಮಿಷಿನ್ನು ಕೂತಲ್ಲೇ ಪಟ್ಟಿ ಕಕ್ಕಿತು. ಬೆಳೆಗಾರರು ಒಪ್ಪಿದರು, ಲಾರಿ ಬರಲಿಲ್ಲ. "ನೋಡಿ, ಏಜೆಂಟರು ಹೇಗೆ ಸಹಕರಿಸಿದರು!" ಅಂತ ಮೇಷ್ಟ್ರು ಹಿಗ್ಗಿದರು. ಪಾಪ.

ಹರಾಜಿನ ಮೂರನೇ ದಿನ ಒಂದು ಟ್ರಾಕ್ಟರಿನ ಆಕ್ಸೆಲ್ ಮುರಿಯಿತು. ಆದರೂ ಯಾವ ರೈತನ ಬೇಲೂ ಮನೆಯಲ್ಲಿ ಉಳಿಯಲಿಲ್ಲ. ನಾನು ಮುಚ್ಚಿಟ್ಟಿದ್ದ ನಾಲ್ಕನೇ ಲೋಡು ಅದಕ್ಕಾಯಿತು. ಮೇಷ್ಟ್ರಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಬರೆದುಕೊಳ್ಳುತ್ತಿದ್ದರು.