ನಲವತ್ತೇಳನೆಯ ಮೇಜು

ಮನುಷ್ಯನು ಸಮುದ್ರ ದಾಟಿ ಪರದೇಶವನ್ನು ಕಂಡು ಬಂದ ಮೇಲೆ ಅವನ ದೃಷ್ಟಿ ವಿಶಾಲವಾಗುತ್ತದೆ, ಅಂತರಂಗ ಮಾಗುತ್ತದೆ. ನಾನು ಹೋಗಿ ಬಂದದ್ದರಿಂದ ಮನೆಗೆ ಒಂಬತ್ತು ಟೀ-ಶರ್ಟು ಬಂದವು. ಅವುಗಳಲ್ಲಿ ಏಳು ನನ್ನ ಹೊಟ್ಟೆಯನ್ನು ದಾಟಿ ಕೆಳಗಿಳಿಯುವುದಿಲ್ಲ.

ಮೊನ್ನೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಲಾಫ್ಟ್ ಸ್ವಚ್ಛ ಮಾಡುವಾಗ ಹೆಂಡತಿ ಆ ಟೀ-ಶರ್ಟುಗಳ ಚೀಲವನ್ನು ಕೆಳಗೆ ಎಳೆದಳು. ಬಾಯಿ ಬಿಚ್ಚಿದೊಡನೆ ಹೊಸ ಪ್ಲಾಸ್ಟಿಕ್ಕಿನ ಮತ್ತು ಅಚ್ಚಿನ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಇಷ್ಟು ವರ್ಷವಾದರೂ ಆ ವಾಸನೆ ಹೋಗಿರಲಿಲ್ಲ.

"ಇದನ್ನೆಲ್ಲ ಎಂಥಕ್ಕೆ ಇಟ್ಟುಕೊಂಡದ್ದು ಮಾರಾಯ್ರೆ? ಹಳೇ ಬಟ್ಟೆ ತಗೊಳ್ಳುವ ಪಾತ್ರೆಯವಳಿಗೆ ಕೊಟ್ಟರೆ ಒಂದು ಸ್ಟೀಲ್ ಡಬ್ಬ ಆದ್ರೂ ಸಿಕ್ತದೆ" ಎಂದಳು.

ಕೊಡು ಎಂದೆ. ಟೀ-ಶರ್ಟುಗಳ ಅಡಿಯಲ್ಲಿ ಉದ್ದನೆಯ ನೋಟ್‌ಬುಕ್ ಒಂದಿತ್ತು. ಅದನ್ನು ಮಾತ್ರ ತೆಗೆದು ಪಕ್ಕಕ್ಕೆ ಇಟ್ಟುಕೊಂಡೆ.

ಆಗ ನಾನು ಠಾಣೆಯ ವಾಗಳೆ ಎಸ್ಟೇಟಿನಲ್ಲಿ, ಮೊಬೈಲ್ ಆಟಗಳನ್ನು ತಯಾರಿಸುವ ಹದಿನಾಲ್ಕು ಜನರ ಕಂಪನಿಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಅದಕ್ಕೂ ಮೊದಲು ಇಪ್ಪತ್ತು ವರ್ಷ ಕಲ್ಯಾಣದ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವನು. ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವ ವಿದ್ಯೆ ಎರಡೂ ಕಡೆ ಒಂದೇ ಎಂದು ಮಾಲೀಕ ನಂಬಿದ್ದ. ಅವನ ನಂಬಿಕೆಗೆ ನಾನು ಅಡ್ಡಿಪಡಿಸಲಿಲ್ಲ. ಇಡೀ ಆಫೀಸಿನಲ್ಲಿ ಆಟ ಆಡಲು ಬಾರದವನು ನಾನೊಬ್ಬನೇ.

ಈ ನೋಟ್‌ಬುಕ್ ಕೊಟ್ಟವಳು ನಮ್ಮ ಟೆಸ್ಟರ್. ಆಟ ಹೊರಬರುವ ಮೊದಲು ಅದರ ತಪ್ಪುಗಳನ್ನು ಹುಡುಕಿ ಪಟ್ಟಿ ಮಾಡುವುದು ಆಕೆಯ ಉದ್ಯೋಗ. ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುತ್ತಿದ್ದವಳು ಆಕೆ ಒಬ್ಬಳೇ. ಉಳಿದವರೆಲ್ಲ ಆ ಸೇವೆಯನ್ನು ಪುಕ್ಕಟೆಯಾಗಿ ಮಾಡುತ್ತಿದ್ದೆವು. ವಯಸ್ಸು ಮೂವತ್ತು ದಾಟಿರಬೇಕು. ಹತ್ತನೆಯವರೆಗೆ ಕಲಬುರಗಿಯಲ್ಲಿ ಕನ್ನಡ ಶಾಲೆ, ಆಮೇಲೆ ಇಲ್ಲಿ. ವಾಶಿಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ತಂದೆಯ ಬೆನ್ನು ಹೋದ ಮೇಲೆ ಸಂಸಾರ ಟಿಟ್ವಾಳಾ ಸೇರಿತ್ತು. ಅಲ್ಲಿಂದ ದಿನವೂ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಠಾಣೆಗೆ ಬರುತ್ತಿದ್ದಳು.

ನಿಂತುಕೊಂಡೇ ಒಂದು ಆಟವನ್ನೂ ಮಾಡಿದ್ದಳು. ಅದು ಕಂಪನಿಯದಲ್ಲ, ಆಕೆಯ ಸ್ವಂತದ್ದು. ಆಡುವವಳು ಟಿಟ್ವಾಳಾದಲ್ಲಿ ಲೇಡೀಸ್ ಡಬ್ಬಿ, ಅಂದರೆ ಹೆಂಗಸರ ಬೋಗಿ, ಹತ್ತುತ್ತಾಳೆ. ಕೂತವರನ್ನು ಒಬ್ಬೊಬ್ಬರನ್ನೇ "ಕುಠೇ ಉತರಣಾರ್?", ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಯಾರ ಸೀಟು ಯಾವ ಸ್ಟೇಷನ್ನಿನಲ್ಲಿ ತೆರವಾಗುತ್ತದೆ, ತನಗಿಂತ ಮೊದಲು ಅದನ್ನು ಕೇಳಿಟ್ಟವರು ಯಾರು ಎಂಬುದನ್ನೆಲ್ಲ ನೆನಪಿಟ್ಟುಕೊಂಡು, ಕೊನೆಗೆ ಒಂದು ಸೀಟು ಸಂಪಾದಿಸಬೇಕು. ಅಷ್ಟೇ ಆಟ. ನಾನು ಆಡಿದ ಮೊದಲ ಆಟ ಅದು. ಅದರಲ್ಲಿ ಮಡಿಲ ಮೇಲೆ ಊಟದ ಡಬ್ಬಿ ಇಟ್ಟುಕೊಂಡ ಹಸಿರು ಸೀರೆಯ ಹೆಂಗಸೊಬ್ಬಳು ಠಾಣೆ ಎಂದು ಹೇಳಿ, ಠಾಣೆ ಬಂದಾಗ ಏಳದೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೆ ಮೈ ಉರಿಯಿತು.

"ಸುಳ್ಳು ಹೇಳ್ತಾಳಲ್ಲ, ಅವಳಿಗೆ ಶಿಕ್ಷೆ ಇಲ್ವಾ? ಪಾಯಿಂಟ್ ಕಟ್ ಮಾಡು" ಎಂದೆ.

"ಅಕೀಗೇನ್ ಶಿಕ್ಷಾ ರೀ ಸರ್, ಅಕಿ ಆರಾಮ್ ಕುಂತಾಳ. ಶಿಕ್ಷಾ ನಿಂತಾಕೀಗಿ" ಎಂದು ನಕ್ಕಳು.

ಜರ್ಮನಿಯ ಒಂದು ಊರಿನಲ್ಲಿ ಆಟ ತಯಾರಿಸುವವರ ದೊಡ್ಡ ಸಮ್ಮೇಳನವಿತ್ತು. ಕಂಪನಿಯ ಪರವಾಗಿ ಹೋಗಲು ಮಾಲೀಕ ನನ್ನನ್ನು ಆರಿಸಿದ. "ಅಂಕಲ್, ಆಪ್ ಸೀನಿಯರ್ ದಿಖ್ತೇ ಹೋ" ನೋಡಲು ಹಿರಿಯರಂತೆ ಕಾಣುತ್ತೀರಿ ಎಂಬುದು ಅವನು ಕೊಟ್ಟ ಕಾರಣ. ಆಕೆ ಬೇರೆಯಾಗಿ ಅರ್ಜಿ ಹಾಕಿ, ಹೊಸಬರಿಗೆ ಕೊಡುವ ಉಚಿತ ಪಾಸು ಗಿಟ್ಟಿಸಿಕೊಂಡಿದ್ದಳು. ಅಷ್ಟೇ ಅಲ್ಲ, ಪುಸ್ತಕಕ್ಕೆ ಪ್ರಕಾಶಕರಿದ್ದ ಹಾಗೆ ಆಟಗಳಿಗೂ ಇರುವ ಪ್ರಕಾಶಕರಲ್ಲಿ ಒಬ್ಬ ಹೆಂಗಸಿಗೆ ಆರು ತಿಂಗಳು ಬಿಡದೆ ಮೇಲ್ ಬರೆದು ಇಪ್ಪತ್ತು ನಿಮಿಷದ ಭೇಟಿ ಪಡೆದಿದ್ದಳು. ಎರಡನೆಯ ದಿನ, ಮೂರು ಗಂಟೆ ಇಪ್ಪತ್ತು ನಿಮಿಷ, ನಲವತ್ತೇಳನೆಯ ಮೇಜು. ಆ ಪ್ರಕಾಶಕಿಗೆ ಹಿಡಿಸಿದರೆ ಆಟ ಹೊರಬರುತ್ತದೆ.

ವೀಸಾ ಸಿಗಲಿಲ್ಲ. ಸ್ವದೇಶಕ್ಕೆ ಮರಳುವ ಖಾತ್ರಿಯಿಲ್ಲ ಎಂಬ ಷರಾ ಬಂದಿತ್ತು.

"ದಿನಾ ಟಿಟ್ವಾಳಾಕ್ಕ ವಾಪಸ್ ಹೋಗಾಕಿ ನಾ. ಇನ್ನೇನ್ ಖಾತ್ರಿ ಬೇಕಂತ್ರೀ ಸರ್ ಇವರಿಗಿ?" ಎಂದಳು. ಎಲ್ಲರೂ ನಕ್ಕೆವು. ಆಕೆ ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ...

ನಲವತ್ತೇಳನೆಯ ಮೇಜಿಗೆ ನಾನು ಹೋಗುವುದೆಂದಾಯಿತು. ಆಟವನ್ನು ಟ್ಯಾಬ್ಲೆಟ್ಟಿಗೆ ಹಾಕಿ ಕೊಟ್ಟಳು, ಜತೆಗೆ ಈ ನೋಟ್‌ಬುಕ್. ಮೊದಲ ಪುಟದಿಂದಲೇ ಆಕೆಯ ದುಂಡಗಿನ ಅಕ್ಷರ, ಆಡುವ ಮಾತಿನಲ್ಲೇ. 'ಸ್ಟೇಜಿನ ಭಾಷಣ ಕೇಳಬ್ಯಾಡ್ರಿ ಸರ್, ಅವು ಆಮ್ಯಾಲ ವಿಡಿಯೋದಾಗ ಸಿಗ್ತಾವ. ಮಂದೀನ ಭೇಟಿ ಆಗ್ರಿ.' 'ಚಹಾದ ಲೈನಿನ್ಯಾಗ ಹಿಂದ್ ಮುಂದ್ ನಿಂತವ್ರಿಗಿ ಮಾತಾಡಸ್ರಿ. ಏನ್ ಕೆಲಸ ಅಂತ ಕೇಳಬ್ಯಾಡ್ರಿ, ಈಗ ಯಾವ ಆಟ ಆಡ್ಲತ್ತೀರಿ ಅಂತ ಕೇಳ್ರಿ.' 'ಹೊಸಾ ಬೂಟ್ ಹಾಕಬ್ಯಾಡ್ರಿ.' 'ಭೇಟಿ ಆದ ಹತ್ತು ನಿಮಿಷದಾಗ ಬರದ್ ಇಡ್ರಿ, ಇಲ್ಲಂದ್ರ ಮರೀತದ.' ಕೊನೆಯ ಪುಟದಲ್ಲಿ 'ಅವರು ಏನಂದ್ರು' ಎಂದು ಬರೆದು ಕೆಳಗೆ ಜಾಗ ಬಿಟ್ಟಿದ್ದಳು. ಪರದೇಶಕ್ಕೆ ಹೋಗದವಳು ಹೋಗುವವನಿಗೆ ಬರೆದುಕೊಟ್ಟ ಮಾರ್ಗದರ್ಶಿ. ಅದಕ್ಕಿಂತ ಉತ್ತಮವಾದದ್ದನ್ನು ನಾನು ಈವರೆಗೆ ಓದಿಲ್ಲ.

ನಾನು ಹೊಸ ಬೂಟು ಹಾಕಿಕೊಂಡು ಹೋದೆ. ಮೊದಲ ದಿನ ಐದು ಭಾಷಣ ಕೇಳಿದೆ. ಕತ್ತಲ ಸಭಾಂಗಣದಲ್ಲಿ ಮೆತ್ತಗಿನ ಕುರ್ಚಿ. ಅಲ್ಲಿ ಯಾರೂ ಇಂಗ್ಲಿಷಿನಲ್ಲಿ ಮಾತಾಡಿಸುವುದಿಲ್ಲ. ಚಹಾದ ಸಾಲಿನಲ್ಲಿ ಹಿಂದೆ ನಿಂತಿದ್ದವನು ಏನೋ ಕೇಳಿದ. ನಾನು ಗಂಭೀರವಾಗಿ ತಲೆಯಾಡಿಸಿ ಸಾಲನ್ನೇ ಬಿಟ್ಟೆ. ಮಳಿಗೆಗಳಲ್ಲಿ ಟೀ-ಶರ್ಟು ಹಂಚುವವರು ಮಾತ್ರ ಏನೂ ಕೇಳುತ್ತಿರಲಿಲ್ಲ. ಅವರನ್ನು ನಾನು ಮತ್ತೆ ಮತ್ತೆ ಭೇಟಿಯಾದೆ.

ಎರಡನೆಯ ದಿನ ಮೂರು ಗಂಟೆ ಹದಿನೈದಕ್ಕೆ ಭೇಟಿಯ ಸಭಾಂಗಣದ ಬಾಗಿಲಲ್ಲಿದ್ದೆ. ಹೊತ್ತು ಪಾಲಿಸುವುದರಲ್ಲಿ ನಾನು ಎಂದೂ ತಪ್ಪಿದವನಲ್ಲ. ನಲವತ್ತೇಳನೆಯ ಮೇಜು ಅಲ್ಲಿಂದಲೇ ಕಾಣುತ್ತಿತ್ತು. ಬಿಳಿ ಕೂದಲಿನ ಹೆಂಗಸು ಲ್ಯಾಪ್‌ಟಾಪ್ ಮುಚ್ಚಿ, ಎದುರಿನ ಖಾಲಿ ಕುರ್ಚಿಯನ್ನು ಸ್ವಲ್ಪ ಸರಿಪಡಿಸಿ ಇಟ್ಟಳು. ಪಕ್ಕದ ಮೇಜುಗಳಲ್ಲಿ ಹುಡುಗರು ಪಟಪಟನೆ ಮಾತಾಡುತ್ತ ನಗುತ್ತಿದ್ದರು. ಟಿಟ್ವಾಳಾ, ಲೇಡೀಸ್ ಡಬ್ಬಿ, ಕುಠೇ ಉತರಣಾರ್... ಇದನ್ನೆಲ್ಲ ಇಂಗ್ಲಿಷಿನಲ್ಲಿ ಎಲ್ಲಿಂದ ಶುರು ಮಾಡುವುದು? ಐವತ್ತು ದಾಟಿದವನು ಆ ಹುಡುಗರ ನಡುವೆ ತಡವರಿಸಿದರೆ ಕಾಣುವುದು ಹೇಗೆ? ಒಂದು ಸುತ್ತು ಹಾಕಿ ಬಂದೆ. ಆಕೆ ಗಡಿಯಾರ ನೋಡಿದಳು. ಇನ್ನೊಂದು ಸುತ್ತು ಹಾಕಿದೆ. ಮೂರನೆಯ ಸುತ್ತಿನಲ್ಲಿ ಪಕ್ಕದ ಸಭಾಂಗಣದ ಬಾಗಿಲು ತೆರೆದಿತ್ತು; ಒಳಗೆ ಹೋಗಿ ಎರಡನೆಯ ಸಾಲಿನಲ್ಲಿ ಕೂತೆ.

ಅಲ್ಲಿ ನಡೆಯುತ್ತಿದ್ದ ಭಾಷಣದ ವಿಷಯ, ಪ್ರಕಾಶಕರ ಭೇಟಿಯ ಸದುಪಯೋಗ ಪಡೆಯುವುದು ಹೇಗೆ ಎಂಬುದು. ಕಥೆ ಎಲ್ಲ ದೇಶದವರಿಗೂ ತಿಳಿಯುವಂತಿರಬೇಕು ಎಂದು ಭಾಷಣಕಾರ ಹೇಳುತ್ತಿದ್ದ. ನಾನು ಅದನ್ನು ಶ್ರದ್ಧೆಯಿಂದ ಬರೆದುಕೊಂಡೆ. ಹೊರಬಂದು ನೋಡಿದಾಗ ನಲವತ್ತೇಳನೆಯ ಮೇಜಿನ ಎದುರಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.

ಮರಳುವ ವಿಮಾನದಲ್ಲಿ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದೆ. ಹೆದರಿ ಓಡಿದೆ ಎಂದು ಬರೆಯಬಹುದಿತ್ತು... ಮೇಜಿನ ಹೆಂಗಸಿಗೆ ಆಟ ಹಿಡಿಸಿತು ಎಂದು ಬರೆದರೆ ನಮ್ಮ ಟೆಸ್ಟರ್ ಮರುದಿನವೇ ಅವಳಿಗೆ ಮೇಲ್ ಹಾಕುತ್ತಾಳೆ, ನಾನು ಸಿಕ್ಕಿಬೀಳುತ್ತೇನೆ. ಆದ್ದರಿಂದ ಪ್ರೂಫ್ ತಿದ್ದುವವನ ಶುದ್ಧ ಅಕ್ಷರದಲ್ಲಿ ನಾಲ್ಕು ಅಂಶ ಬರೆದೆ. ಒಂದು, ರೈಲು ತೆಗೆಯಬೇಕು, ಹೊರದೇಶದವರಿಗೆ ತಿಳಿಯುವುದಿಲ್ಲ. ಎರಡು, ಈ ಹೆಂಗಸರ ಬದಲು ಎಲ್ಲರಿಗೂ ಗೊತ್ತಿರುವ ಪಾತ್ರಗಳು ಬೇಕು. ಮೂರು, ಸುಳ್ಳು ಹೇಳಿದವರಿಗೆ ಶಿಕ್ಷೆಯಾಗಬೇಕು. ಇದು ನನ್ನದೇ ಹಳೆಯ ಅಭಿಪ್ರಾಯ. ಪರದೇಶದ ಬಾಯಿಂದ ಬಂದರೆ ತೂಕ ಹೆಚ್ಚು ಎಂದುಕೊಂಡೆ. ನಾಲ್ಕು, ಇಷ್ಟನ್ನೂ ಮಾಡಿ ಮುಗಿಸಿದ ಮೇಲೆಯೇ ಪತ್ರ ಬರೆಯಬೇಕು.

ಸೋಮವಾರ ನಾನು ಆಫೀಸಿಗೆ ಕಾಲಿಡುವಾಗ ಆಕೆ ಬಾಗಿಲಲ್ಲೇ ನಿಂತಿದ್ದಳು. ಪುಟವನ್ನು ಎರಡು ಸಲ ಓದಿದಳು.

"ಖರೇನ ಹತ್ತು ನಿಮಿಷದಾಗ ಬರದೀರೇನ್ರೀ?"

"ಹೌದು ಮಾರಾಯ್ತಿ, ಅಲ್ಲೇ ನಿಂತು ಬರೆದದ್ದು."

"ಅಕ್ಷರ ಎಷ್ಟ್ ಚಂದ ಬಂದಾವ" ಎಂದಳು. ದಿನಕ್ಕೆ ನಲವತ್ತು ತಪ್ಪು ಹಿಡಿಯುತ್ತಿದ್ದವಳಿಗೆ ಅಷ್ಟು ಚಂದದ ಅಕ್ಷರದಲ್ಲಿ ಅನುಮಾನ ಬರಲಿಲ್ಲ.

ಎಂಟು ತಿಂಗಳು ಅದೇ ಲೋಕಲ್‌ನಲ್ಲಿ ನಿಂತು ರೈಲನ್ನು ತೆಗೆದಳು. ರೈಲು ಹೋಗಿ ಅಂತರಿಕ್ಷ ನೌಕೆ ಬಂತು. ಹೆಂಗಸರು ಹೋಗಿ ಮೂರು ಕಣ್ಣಿನ ಹಸಿರು ಜೀವಿಗಳು ಬಂದವು. ಸುಳ್ಳು ಹೇಳಿದ ಜೀವಿಯನ್ನು ಬಾಗಿಲು ತೆರೆದು ಶೂನ್ಯಕ್ಕೆ ಎಸೆಯಲಾಗುತ್ತಿತ್ತು. ನನಗೇ ಮೊದಲು ತೋರಿಸಿದಳು. ಜೀವಿ ಕೈಕಾಲು ಬಡಿಯುತ್ತ ಚಿಕ್ಕದಾಗುತ್ತ ಹೋಯಿತು. ಚೆನ್ನಾಗಿದೆ ಎಂದೆ. ಆ ಹೊತ್ತಿಗೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ.

ಹೊಸ ಆಟವನ್ನು ಪ್ರಕಾಶಕಿಗೆ ಕಳಿಸಿದಳು. ಉತ್ತರ ಎರಡು ವಾರದಲ್ಲಿ ಬಂತು. ಆಕೆ ನನ್ನ ಮೇಜಿನ ಬಳಿ ಬಂದು ಫೋನನ್ನು ನನ್ನ ಕಡೆ ತಿರುಗಿಸಿದಳು. ಪ್ರಕಾಶಕಿ ಬರೆದಿದ್ದಳು: ಅವತ್ತು ಮೇಜಿನಲ್ಲಿ ನಿಮಗಾಗಿ ಇಪ್ಪತ್ತು ನಿಮಿಷ ಕಾದೆ, ಯಾರೂ ಬರಲಿಲ್ಲ. ನೀವು ಮೊದಲು ಬರೆದಿದ್ದ ರೈಲಿನ ಆಟ ಏನಾಯಿತು, ನಾನು ನೋಡಬೇಕೆಂದಿದ್ದದ್ದು ಅದನ್ನೇ. ಅಂತರಿಕ್ಷ ನೌಕೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಈಗ ನಮ್ಮ ಎರಡು ವರ್ಷದ ಪಟ್ಟಿ ತುಂಬಿದೆ. ಬಹಳ ಸಭ್ಯವಾದ ಪತ್ರ.

ನಾನು ತಲೆಯೆತ್ತಲಿಲ್ಲ. ಫೋನಿನ ಮೂಲೆಯ ಬಿರುಕನ್ನು ನೋಡುತ್ತಿದ್ದೆ.

"ಭೇಟಿ ಆಗಿಲ್ಲ ಅಂತ ಹೇಳಿದ್ರ ಏನಾಗ್ತಿತ್ರೀ ಸರ್?" ಎಂದಳು. ದನಿ ಏರಿಸಲಿಲ್ಲ. "ನಾ ಇನ್ನೊಂದ್ ಮೇಲ್ ಹಾಕ್ತಿದ್ದೆ. ಅಷ್ಟೇ ರೀ."

ನಾನು ಏನೋ ಹೇಳಲು ಹೊರಟೆ. "ಹೊಸ ಬೂಟು..." ಎಂದೇನೋ ಬಾಯಿಗೆ ಬಂತು. ಅದು ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ. ಆಕೆ ಫೋನ್ ತೆಗೆದುಕೊಂಡು ಹೋದಳು. ತಿಂಗಳಾದ ಮೇಲೆ ಕೆಲಸ ಬಿಟ್ಟಳು. ಹೋಗುವ ದಿನ ಎಲ್ಲರಿಗೂ ಪೇಢೆ ಕೊಟ್ಟಳು, ನನಗೂ ಕೊಟ್ಟಳು. ಊಟ ಮುಗಿಸಿ ಬಂದಾಗ ನನ್ನ ಮೇಜಿನ ಮೇಲೆ ಈ ನೋಟ್‌ಬುಕ್ ಇತ್ತು.

ಮೊನ್ನೆ ಅದನ್ನು ಮತ್ತೆ ತೆರೆದೆ. ಕೊನೆಯ ಪುಟದಲ್ಲಿ ನನ್ನ ನಾಲ್ಕು ಅಂಶಗಳು, ಒಂದಕ್ಷರ ತಪ್ಪಿಲ್ಲದೆ. ಒಂದೊಂದರ ಮುಂದೆಯೂ ಆಕೆ, ಆ ಕೆಲಸ ಮುಗಿದ ದಿನ, ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿದ್ದಾಳೆ. ಹೆಂಡತಿ ಪಾತ್ರೆಯವಳಿಂದ ಡಬ್ಬ ತಂದು ತೋರಿಸಿದಳು. ಮುಚ್ಚಳ ಸರಿಯಾಗಿ ಕೂರುತ್ತದೆ. ನೋಟ್‌ಬುಕ್ಕಿನವಳು ಈಗ ಐರೋಲಿಯ ಒಂದು ಕಚೇರಿಯಲ್ಲಿ ವಿಮಾ ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸುತ್ತಾಳಂತೆ. ಆಟ ಹೊರಬರಲಿಲ್ಲ.