ಪೆಟ್ರೋಲ್ ವಾಸನೆಯಿಲ್ಲದೆ ಕಳಸಕ್ಕೆ

ಬೆಳಿಗ್ಗೆ ಏಳೂಕಾಲಿಗೆ ಗೋಣಿಬೀಡಿನ ನಮ್ಮ ಮನೆಯಿಂದ ಹೊರಟೆವು. ವ್ಯಾನಿನಲ್ಲಿ ನಮ್ಮ ಮನೆಯವರು, ಅತ್ತೆ, ನಾನು, ಮೂರೇ ಜನ. ಕಳಸಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರ್. ಅತ್ತೆ ಈ ದಾರಿಯಲ್ಲಿ ಒಂಬತ್ತು ವರ್ಷದಿಂದ ಮೂಡಿಗೆರೆ ದಾಟಿರಲಿಲ್ಲ. ಪೆಟ್ರೋಲ್, ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಕಳಸದಲ್ಲಿರುವ ಅವರ ಅಕ್ಕನಿಗೆ ಸೊಂಟದ ಮೂಳೆ ಮುರಿದ ಮೇಲೆ ಆ ಕಡೆಯಿಂದಲೂ ಬರುವ ಹಾಗಿಲ್ಲ. ಅಕ್ಕತಂಗಿ ಫೋನಿನಲ್ಲೇ ಮುಖ ನೋಡಿಕೊಳ್ಳುತ್ತಿದ್ದರು.

ಅದಕ್ಕಾಗಿಯೇ ನಮ್ಮ ಮನೆಯವರು ಹಳೇ ಪೆಟ್ರೋಲ್ ವ್ಯಾನನ್ನು ಕರೆಂಟಿನ ಗಾಡಿ ಮಾಡಿದ್ದು. ಅವರು ಎಸ್ಟೇಟುಗಳ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವರು. ಮೂಡಿಗೆರೆಯ ಮೆಕ್ಯಾನಿಕ್ ಇಸ್ಮಾಯಿಲ್ ಜೊತೆ ಸೇರಿ, ಅಂಗಳದ ಹಲಸಿನ ಕೊಂಬೆಗೆ ಚೈನ್ ಕಟ್ಟಿ ಇಂಜಿನ್ ಎತ್ತಿ ತೆಗೆದರು. ಅದರ ಜಾಗಕ್ಕೆ ಮೋಟರ್, ಹಿಂದಿನ ಸೀಟಿನ ಕೆಳಗೆ ಬ್ಯಾಟರಿ. ಏರು ಹತ್ತಲು ಬೇಕೆಂದು ಗಿಯರ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರು. ಏಳು ತಿಂಗಳು ಹಿಡಿಯಿತು. ಆರ್‌ಟಿಓ ಒಪ್ಪಿಗೆಯ ಕಾಗದಕ್ಕೆ ಚಿಕ್ಕಮಗಳೂರಿಗೆ ಓಡಾಡಿದ್ದು ಬೇರೆ. ನನ್ನ ಪಾಲಿನ ಕೆಲಸವೆಂದರೆ ಸೀಟುಗಳಿಗೆ ಹತ್ತಿದ ವಾಸನೆ ಹೋಗುವ ತನಕ ಸೀಗೆಪುಡಿ ಹಾಕಿ ಉಜ್ಜಿದ್ದು.

ಹೊರಡುವ ಮುಂಚೆ ಬ್ಯಾಟರಿ ಪೆಟ್ಟಿಗೆಗೆ ಕುಂಕುಮವಿಟ್ಟು ಆರತಿ ಮಾಡಿದೆ. "ಅಕ್ಕಾ, ಕುಂಕುಮ ಎಷ್ಟು ಬೇಕಾದ್ರೂ ಇಡಿ, ತೀರ್ಥ ಮಾತ್ರ ಚಿಮುಕಿಸ್ಬೇಡಿ" ಎಂದು ಇಸ್ಮಾಯಿಲ್ ಹಿಂದಿನ ದಿನವೇ ಎಚ್ಚರಿಸಿದ್ದರು.

ಬ್ಯಾಟರಿ ಮೀಟರಿನಲ್ಲಿ ನೂರಕ್ಕೆ ನೂರು ಇತ್ತು. ಅತ್ತೆ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಕಣ್ಣುಮುಚ್ಚಿ ಕೂತಿದ್ದರು. ಮೂಡಿಗೆರೆ ದಾಟಿದ್ದು ಅವರಿಗೆ ತಿಳಿಯಲಿಲ್ಲ. ಕೊಟ್ಟಿಗೆಹಾರದಲ್ಲಿ ಬಿಸಿಬಿಸಿ ನೀರುದೋಸೆ ತಿಂದೆವು. ದಾರಿಯಲ್ಲಿ ಹನಿ ನೀರೂ ಕುಡಿಯದ ಅತ್ತೆ ಮೂರು ದೋಸೆ ತಿಂದರು. ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಕೈಮುಗಿದದ್ದು ಸ್ವಲ್ಪ ಬೇಗವಾಯಿತೇನೋ. ಜಾವಳಿ ಹತ್ತಿರ ಬರುವಾಗ ಮೀಟರ್ ಮೂವತ್ನಾಲ್ಕಕ್ಕೆ ಇಳಿದಿತ್ತು. ಕಳಸ ಇನ್ನೂ ಮೂವತ್ತು ಕಿಲೋಮೀಟರ್. ಮನೆಯವರ ಮಾತು ನಿಂತಿತು.

"ಯಾಕೋ ಗೋಪಾಲ, ಬಾಯಿಗೆ ಬೀಗ ಹಾಕ್ಕೊಂಡಿದೀಯ?" ಎಂದು ಅತ್ತೆ ಕೇಳಿದರು.

"ಬ್ಯಾಟರಿ ಸಾಲಲ್ಲ ಅನ್ಸುತ್ತಮ್ಮ."

"ವಾಪಸ್ ಹೋಗೋ ಯೋಚನೆ ಇದ್ರೆ ನನ್ನ ಇಲ್ಲೇ ಇಳಿಸು. ನಡ್ಕೊಂಡು ಹೋಗ್ತೀನಿ. ಕೊಟ್ಟಿಗೆಹಾರ ದಾಟಿ ಬಂದೋಳು ತಿರುಗೋದಿಲ್ಲ."

ರಸ್ತೆ ಬದಿಯ ಚಿಕ್ಕ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದೆವು. ಹೋಟೆಲು ನಡೆಸುವ ಜಯಕ್ಕನಿಗೆ ವಿಷಯ ಹೇಳಿದೆ. ಅವರ ಬಳಿ ದೊಡ್ಡ ಪ್ಲಗ್ ಇದ್ದದ್ದು ಒಂದೇ, ಹಿಟ್ಟು ರುಬ್ಬುವ ಗ್ರೈಂಡರಿನದು. "ಹಿಟ್ಟು ಮಧ್ಯಾಹ್ನ ರುಬ್ಬಿದ್ರೂ ಆಯ್ತು. ಅಜ್ಜಿ ಅಕ್ಕನ್ನ ನೋಡ್ಬೇಕಲ್ಲ, ಹಾಕ್ಕೊಳ್ಳಿ" ಎಂದು ಗ್ರೈಂಡರಿನ ವಯರು ಕಿತ್ತೇಬಿಟ್ಟರು.

ಮನೆಯವರು ಇಸ್ಮಾಯಿಲ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ಮೊದಲು ಬಂದದ್ದು ಒಂದೇ ಪ್ರಶ್ನೆ: "ಗೋಪಾಲಣ್ಣ, ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ತಿದೀರಾ?"

"ಮಾಡ್ತಾನೇ ಬಂದಿದಾರೆ" ಎಂದೆ ನಾನು.

"ಅಯ್ಯೋ ಮಾರಾಯ್ರೆ! ಗಿಯರಲ್ಲೇ ಬಿಟ್ರೆ ಇಳೀವಾಗ ಚಕ್ರನೇ ಮೋಟರ್ ತಿರುಗಿಸಿ ಬ್ಯಾಟರಿ ತುಂಬಿಸ್ತದೆ. ನ್ಯೂಟ್ರಲ್ ಮಾಡಿದ್ರೆ ಏನು ಸಿಗ್ತದೆ? ಬ್ರೇಕ್ ಸವೀತದೆ ಅಷ್ಟೆ."

ನಮ್ಮ ಕಡೆಯ ಡ್ರೈವರುಗಳಿಗೆ ಇದು ಹುಟ್ಟುಗುಣದ ಹಾಗೆ. ಇಳಿಜಾರು ಕಂಡ ಕೂಡಲೇ ಪೆಟ್ರೋಲ್ ಉಳಿಯಲೆಂದು ಗಿಯರ್ ತಪ್ಪಿಸಿ ಗಾಡಿ ಉರುಳಿಸುತ್ತಾರೆ. ಪೆಟ್ರೋಲೇ ಇಲ್ಲದ ಗಾಡಿಯಲ್ಲೂ ಮನೆಯವರ ಕೈ ಮೂವತ್ತು ವರ್ಷದ ಕೆಲಸವನ್ನೇ ಮಾಡಿತ್ತು.

ಹೇಮಾವತಿ ಹುಟ್ಟುವುದು ಜಾವಳಿಯಲ್ಲಿ. ಕಾಯುವ ಹೊತ್ತಿಗೆ ನದಿಮೂಲಕ್ಕೆ ಹೋಗಿ ಬರೋಣವೆಂದೆ. ಅತ್ತೆ ಪ್ಲಗ್ಗಿನ ಪಕ್ಕದ ಬೆಂಚು ಬಿಟ್ಟು ಏಳಲಿಲ್ಲ. "ನೀನು ಇಲ್ಲಿಂದಲೇ ಕೈಮುಗಿ. ಕರೆಂಟ್ ಹೋದ್ರೆ ಯಾರು ನೋಡ್ತಾರೆ?" ಎಂದರು. ಒಂದೂಕಾಲು ಗಂಟೆ ಕರೆಂಟ್ ಹೋಗಲಿಲ್ಲ. ನಮ್ಮ ಕಡೆ ಇದು ಸಣ್ಣ ಕೃಪೆಯಲ್ಲ. ಮೀಟರ್ ನಲವತ್ತೊಂಬತ್ತಕ್ಕೆ ಬಂತು. ಜಯಕ್ಕ ಕಾಫಿಯ ದುಡ್ಡು ಮಾತ್ರ ತೆಗೆದುಕೊಂಡರು.

ಮುಂದಿನ ದಾರಿಯಲ್ಲಿ ನಾನು ನೋಡಿದ್ದು ಮೀಟರನ್ನೇ. ಮೊದಲ ಉದ್ದ ಇಳಿಜಾರಿನಲ್ಲಿ ಮನೆಯವರ ಕೈ ತಾನಾಗಿ ಗಿಯರಿನ ಕಡೆ ಹೋಯಿತು. "ರೀ!" ಎಂದೆ. ಕೈ ಹಿಂದಕ್ಕೆ ಬಂತು. ಮೋಟರ್ ಸಣ್ಣಗೆ ಗುಂಯ್ ಎಂದಿತು. ಇಳಿಜಾರು ಮುಗಿಯುವಷ್ಟರಲ್ಲಿ ನಲವತ್ತು ಇದ್ದದ್ದು ನಲವತ್ತೊಂದಾಯಿತು.

"ಇಳೀವಾಗ ದುಡಿದು ಹತ್ತುವಾಗ ತಿನ್ನುತ್ತೆ. ನನ್ನ ಮಗನಿಗಿಂತ ಇದಕ್ಕೇ ಬುದ್ಧಿ ಜಾಸ್ತಿ" ಎಂದರು ಅತ್ತೆ.

ಹಿಂದಿನ ವಾರ ಮಳೆ ಬಿದ್ದು ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು. ಅತ್ತೆ ಗಾಜು ಇಳಿಸಿ ಮೂಗು ಹೊರಗೆ ಚಾಚಿದರು. "ಬಸ್ಸಲ್ಲಿ ಮೂಗಿಗೆ ಸೆರಗು ಒತ್ತಿ ಹಿಡ್ಕೊಂಡೇ ಕೂರ್ತಿದ್ದೆ ಸುಮಾ. ಈ ದಾರೀಲಿ ಇಂಥ ಪರಿಮಳ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದರು. ನನ್ನ ಕಣ್ಣು ಮಂಜಾಯಿತು. ಮೀಟರಿನ ಅಂಕಿ ಸ್ವಲ್ಪ ಹೊತ್ತು ಕಾಣಲಿಲ್ಲ.

ಕಳಸ ಮುಟ್ಟಿದಾಗ ಮೀಟರಿನಲ್ಲಿ ಎಂಟು ಉಳಿದಿತ್ತು. ದೊಡ್ಡತ್ತೆ ವಾಕರ್ ಹಿಡಿದು ಅಂಗಳದಲ್ಲೇ ನಿಂತಿದ್ದರು. ಒಂಬತ್ತು ವರ್ಷದ ಮೇಲೆ ಮನೆಗೆ ಬಂದ ತಂಗಿಯನ್ನು ಕಂಡು ಅವರು ಆಡಿದ ಮೊದಲ ಮಾತು, "ಎಷ್ಟು ಸಲ ವಾಂತಿ ಆಯ್ತೇ?"

"ಒಂದ್ಸಲನೂ ಇಲ್ಲಕ್ಕ" ಎಂದು ಅತ್ತೆ ಅಲ್ಲೇ ಅಳಲು ಶುರುಮಾಡಿದರು.

ರಾತ್ರಿಯಿಡೀ ಗಾಡಿ ಅವರ ಮನೆಯ ಪ್ಲಗ್ಗಿನಲ್ಲಿತ್ತು. ಮರುದಿನ ಬೆಳಿಗ್ಗೆ ಕಳಸದ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿ, ಊಟ ಮುಗಿಸಿ ಹೊರಟೆವು. ಅತ್ತೆ ಇನ್ನೂ ಎಂಟು ದಿನ ಇರುತ್ತೇನೆಂದರು. ಇಬ್ಬರ ಕಾಲಿಗೂ ಬಿದ್ದು ವ್ಯಾನ್ ಹತ್ತಿದೆವು. ಗಾಡಿ ಸದ್ದಿಲ್ಲದೆ ಅಂಗಳ ದಾಟಿತು. ತಿರುಗಿ ನೋಡಿದೆ. ಅಕ್ಕತಂಗಿ ಜಗುಲಿಯಲ್ಲಿ ಮುಖಕ್ಕೆ ಮುಖ ಕೊಟ್ಟು, ಯಾವುದೋ ಹಳೇ ಮದುವೆಯ ಜಗಳವನ್ನು ಹೊಸದಾಗಿ ಆಡುತ್ತಿದ್ದರು. ನಾವು ಹೊರಟದ್ದು ಇಬ್ಬರಿಗೂ ತಿಳಿದಿರಲಿಲ್ಲ. ಮನೆಯವರು ಹಾರನ್ ಒತ್ತಲು ಕೈ ಎತ್ತಿದರು. ನಾನು ಆ ಕೈ ಹಿಡಿದುಕೊಂಡೆ.