ನಾಲಿಗೆಯಪ್ಪ ಮತ್ತು ಒಂದು ತಿಂಗಳ ಪೆಟ್ಲುಪ್ಪು

ಸಿಡಿಮದ್ದಿನ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ನಾಲಿಗೆಯಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷಗಳಿಂದ ಅವನದು ಒಂದೇ ಕೆಲಸ: ಕುದಿಸಿ ಸೋಸಿ ಆರಿಸಿದ ಪೆಟ್ಲುಪ್ಪಿನ ಹರಳನ್ನು ನಾಲಿಗೆಯ ಮೇಲಿಟ್ಟು ನೋಡುವುದು. ತಣ್ಣಗೆ ಕಚ್ಚಿ ಕೊನೆಗೆ ಚೂರು ಕಹಿಯಾದರೆ ಸರಿ, ಗಂಧಕ ಇದ್ದಿಲುಗಳ ಜೊತೆ ಅರೆಯಲು ಕಳಿಸಬಹುದು. ಅಡುಗೆಯುಪ್ಪಿನ ರುಚಿ ಹತ್ತಿತೋ, ಮತ್ತೆ ತೊಳೆಯಬೇಕು. ಆ ಉಪ್ಪು ಉಳಿದ ಮದ್ದು ಗಾಳಿಯ ತೇವವನ್ನೆಲ್ಲ ಹೀರಿಕೊಂಡು, ಯುದ್ಧದ ದಿನ ತೋಪಿನ ಹೊಟ್ಟೆಯಲ್ಲಿ ಸುಮ್ಮನೆ ಮಲಗಿಬಿಡುತ್ತದೆ. ಇದನ್ನು ತಿಳಿಯಲು ಅವನಿಗೆ ಪುಸ್ತಕ ಬೇಕಿರಲಿಲ್ಲ. ಇದ್ದರೂ ಓದಲು ಬರುತ್ತಿರಲಿಲ್ಲ, ಬಿಡಿ.

ಯುದ್ಧ ಮೂರನೆಯ ವರ್ಷಕ್ಕೆ ಬಿದ್ದಿತ್ತು. ಕಡಾಯಿಗಳ ಒಲೆ ಆರುತ್ತಲೇ ಇರಲಿಲ್ಲ. ಅವನಿಗೆ ಸಾಕುಸಾಕಾಗಿತ್ತು. ಅಳಿಯ ತೋಪಿನ ದಳದಲ್ಲಿದ್ದ. ಬಸುರಿ ಮಗಳು ಅಪ್ಪನ ಮನೆಯಲ್ಲೇ ಇದ್ದಳು.

ಆ ಮಧ್ಯಾಹ್ನ ಅವನು ಎರಡು ಬಟ್ಟಲು ಗಂಜಿ ಕುಡಿದು ಬಾಯಿ ಒರೆಸಿಕೊಂಡ. ಮಗಳು ಒಂದೇ ಗುಟುಕಿಗೆ ಥೂ ಎಂದು ಉಗಿದಳು.

"ಏನಮ್ಮಾ ಇದು, ಉಪ್ಪಿನ ಮೂಟೇನೇ ಸುರಿದಿದ್ದೀಯಾ?"

"ಅಯ್ಯೋ, ಎರಡು ಸಲ ಹಾಕ್ಬಿಟ್ಟೆ ಅನ್ಸುತ್ತೆ." ಹೆಂಡತಿ ಅವನತ್ತ ತಿರುಗಿದಳು. "ನೀವ್ಯಾಕೆ ಬಾಯಿ ಬಿಡ್ಲಿಲ್ಲ? ಒಂದು ಕಲ್ಲು ಹೆಚ್ಚಾದ್ರೂ ಮನೆ ತಲೆ ಮೇಲೆ ಹೊತ್ಕೋತಿದ್ರಿ."

ಅವನು ಎದ್ದು ಉಪ್ಪಿನ ಗಡಿಗೆಗೆ ಕೈ ಹಾಕಿ, ಒಂದು ಹರಳನ್ನು ನಾಲಿಗೆಗಿಟ್ಟ. ಮರಳು. ಇನ್ನೊಂದು ಇಟ್ಟ. ಅದೂ ಮರಳೇ.

ತಿಂಗಳಿನಿಂದ ಅವನು ಒಂದು ಕಡಾಯಿಯ ಮಾಲನ್ನೂ ವಾಪಸು ಕಳಿಸಿರಲಿಲ್ಲ. ಕೆಲಸಗಾರರ ಕೈ ಕೊನೆಗೂ ಪಳಗಿತು ಎಂದು ಒಳಗೊಳಗೇ ಬೀಗಿದ್ದ. ಈಗ ಗಡಿಗೆಯನ್ನು ಮುಚ್ಚಿಟ್ಟ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಅದು ಅವನಿಗೂ ಗೊತ್ತು. ಆದರೂ ಚಪ್ಪಲಿ ಮೆಟ್ಟಿ ಕಾರ್ಖಾನೆಗೆ ನಡೆದ.

"ಮೇಸ್ತ್ರಿಗಳೇ, ನನ್ನ ನಾಲಿಗೆ ಸತ್ತೋಗಿದೆ. ಈ ತಿಂಗಳ ಮಾಲು ಗಾಡಿ ಹತ್ತಿಸ್ಬೇಡಿ."

ಮೇಸ್ತ್ರಿ ಅವನನ್ನೇ ನೋಡಿದ. "ಮೊದಲ ಗಾಡಿ ಹೋಗಿ ಹನ್ನೊಂದು ದಿನ ಆಯ್ತಲ್ಲಯ್ಯಾ."

"ಯಾವ ದಳಕ್ಕೆ?"

ಮೇಸ್ತ್ರಿಯ ದನಿ ತಗ್ಗಿತು. "ನಿನ್ನ ಅಳಿಯನ ದಳಕ್ಕೇ. ನೀನು ನೋಡಿದ ಮಾಲು ಅವನ ಕೈಗೇ ಸಿಗ್ಲಿ ಅಂತ ನಾನೇ ಹೇಳಿ ಕಳಿಸ್ದೆ."

ಮನೆಗೆ ಬಂದಾಗ ಮಗಳು ಒಲೆಯ ಮುಂದೆ ಕೂತಿದ್ದಳು. ಹೊಸದಾಗಿ ಕಾಯಿಸಿದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ ಅವನ ಮುಂದೆ ಹಿಡಿದಳು.

"ಅಪ್ಪಾ, ಈಗ ಉಪ್ಪು ಸರಿಯಾಗಿದೆಯಾ ನೋಡು."

ಅವನು ಒಂದು ಗುಟುಕು ಕುಡಿದ. ತಿಂಗಳಿಡೀ ಕಾರ್ಖಾನೆಯಲ್ಲಿ ಹೇಳಿದ ಮಾತನ್ನೇ ಅವಳಿಗೂ ಹೇಳಿದ.

"ಸರಿಯಾಗಿದೆ ಮಗಳೇ."